ಚೆಂಡ ಲಗೂನ ಬಿಡು

ಈ ಕತೆಯನ್ನು ಎಲ್ಲಿಂದ ಶುರು ಮಾಡುವುದು ಎಂದು ಹನ್ನೊಂದು ವರ್ಷದಿಂದ ಯೋಚಿಸುತ್ತಿದ್ದೇನೆ. ಹನ್ನೊಂದು ವರ್ಷ ಎಂದ ಕೂಡಲೇ ದೊಡ್ಡ ಕಾದಂಬರಿ ಎಂದು ತಿಳಿಯಬೇಡಿ. ಒಬ್ಬ ಮನುಷ್ಯ ಒಂದು ಚೆಂಡನ್ನು ಕೈಯಿಂದ ಯಾವಾಗ ಬಿಡಬೇಕು ಎಂಬುದಷ್ಟೇ ವಿಷಯ.

ಬೌಲರನ ಓಟದಿಂದ ಶುರು ಮಾಡಿದರೆ ಹೇಗೆ? ಮಾಡಿ ನೋಡಿದ್ದೆ. ಮೊದಲ ಡ್ರಾಫ್ಟಿನಲ್ಲಿ ಧರೆಪ್ಪ ನಾಲ್ಕು ಪುಟ ಓಡಿದ. ಐದನೆಯ ಪುಟಕ್ಕೆ ನನಗೇ ಏದುಸಿರು ಬಂದು ಹರಿದು ಹಾಕಿದೆ. ಎರಡನೆಯದರಲ್ಲಿ ಇತಿಹಾಸದಿಂದ ಹೊರಟೆ. ಸಂಸ್ಥಾನಗಳು ವಿಲೀನವಾದವು, ಜಮಖಂಡಿಯೂ ಮುಧೋಳವೂ ಮುಂಬಯಿ ರಾಜ್ಯಕ್ಕೆ ಸೇರಿದವು, ಇತ್ಯಾದಿ ಇತ್ಯಾದಿ. ಓದಿದ ಗೆಳೆಯ, "ಬೌಲರ್ ಯಾವಾಗ ಬರ್ತಾನಪಾ?" ಎಂದು ಕೇಳಿ ಚಹ ಕುಡಿದು ಎದ್ದು ಹೋದ. ಮೂರನೆಯದರಲ್ಲಿ ಒಂದು ಮುಧೋಳ ನಾಯಿ ಮೈದಾನಕ್ಕೆ ನುಗ್ಗಿ, ಚೆಂಡು ಕಚ್ಚಿಕೊಂಡು ಲೋಕಾಪುರದ ರಸ್ತೆ ಹಿಡಿಯಿತು. ಮುಧೋಳದ ಹೆಸರು ಬಂದಮೇಲೆ ನಾಯಿ ಬರದಿದ್ದರೆ ಓದುಗರಿಗೆ ಬೇಜಾರಾದೀತು ಎಂಬ ಹೆದರಿಕೆ ನನಗೆ. (ನಾಯಿ ಬಹಳ ಚೆಂದ ಓಡಿತು. ಧರೆಪ್ಪನಿಗಿಂತ ಚೆಂದ. ಅದಕ್ಕೇ ತೆಗೆದು ಹಾಕಿದೆ.)

ಈ ಸಲ ಒಂದು ಪೋಸ್ಟ್ ಕಾರ್ಡಿನಿಂದ ಶುರು ಮಾಡುತ್ತೇನೆ.

೧

ಕಾರ್ಡು ಬಂದದ್ದು ೧೯೫೫ರ ಫೆಬ್ರವರಿ ಮೊದಲ ವಾರ. ಮೇಲೆ ಮಿರಜಿನ ಠಸ್ಸೆ ಇತ್ತು. ಬಂದದ್ದು ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಗೆ, ಕುರಿ ಕಾಯುವ ಧರೆಪ್ಪನ ಹೆಸರಿಗೆ. (ಊರಿನ ಹೆಸರು ಕೇಳಿದೊಡನೆ ರೈತರೇ ಕಟ್ಟಿದ ಬ್ಯಾರೇಜು ನೆನಪಾದವರು ದಯವಿಟ್ಟು ಸ್ವಲ್ಪ ಕಾಯಬೇಕು. ಅದಕ್ಕೆ ಇನ್ನೂ ಮೂವತ್ತು ಚಿಲ್ಲರೆ ವರ್ಷ ಇದೆ. ಸದ್ಯ ಕೃಷ್ಣೆ ತನ್ನ ಪಾಡಿಗೆ ಹರಿಯುತ್ತಿದ್ದಾಳೆ.)

ಕಾರ್ಡಿನಲ್ಲಿ ಇದ್ದದ್ದು ಇಷ್ಟು:

"ಚಿ. ಧರೆಪ್ಪಗ ಆಶೀರ್ವಾದ. ಮೊನ್ನಿ ನಿನ್ನ ಆಟಾ ನೋಡಿದೆ. ಚೆಂಡ ಲಗೂನ ಬಿಡು. ತಡಾ ಮಾಡಬ್ಯಾಡ. ನಾಳೆ ನನಗ ಆಪರೇಷನ್ ಐತಿ. ಅಣ್ಣಾಸಾಹೇಬ."

ಇಪ್ಪತ್ತಾರು ವರ್ಷದ ಧರೆಪ್ಪ ಅದನ್ನು ಅಂಚೆಯವನ ಎದುರಿಗೇ ಓದಿದ. ನಾಲ್ಕನೆಯ ಇಯತ್ತೆಯವರೆಗೆ ಸಾಲಿ ಕಲಿತಿದ್ದ, ಅಕ್ಷರ ಗೊತ್ತಿತ್ತು. ಇನ್ನೊಮ್ಮೆ ಓದಿದ. ಚೆಂಡು ಬಿಡು. ಅಂದರೆ ಆಟ ಬಿಡು. ತಡ ಮಾಡಬೇಡ, ಈಗಲೇ ಬಿಡು. ಕಾರ್ಡನ್ನು ಮನೆಗೆ ಒಯ್ದು ಗೋಡೆಯ ಗೂಡಿನಲ್ಲಿ, ಬೀರದೇವರ ಭಂಡಾರದ ಅರಿಶಿಣದ ಚೀಲದ ಕೆಳಗೆ ಇಟ್ಟ. ಮುಂದೆ ಒಂದು ವರ್ಷ ಚೆಂಡು ಮುಟ್ಟಲಿಲ್ಲ. ಅಣ್ಣಾಸಾಹೇಬರ ಮನೆಯ ಕಡೆ ತಲೆ ಹಾಕಲಿಲ್ಲ.

ಕನ್ನಡದಲ್ಲಿ ಬಿಡು ಎಂಬ ಮಾತಿನ ತಾಪತ್ರಯವೇ ಇದು. ಬಾಣ ಬಿಡುವುದೂ ಬಿಡುವುದೇ, ಬೀಡಿ ಬಿಡುವುದೂ ಬಿಡುವುದೇ. ಹೆಂಡತಿಯನ್ನು ತವರಿಗೆ ಬಿಟ್ಟು ಬಂದವನೂ ಹೆಂಡತಿಯನ್ನು ಬಿಟ್ಟವನೂ ಒಂದೇ ಕ್ರಿಯಾಪದಕ್ಕೆ ಸಿಕ್ಕಿಬೀಳುತ್ತಾರೆ. ಮಿರಜಿನ ಆಸ್ಪತ್ರೆಯ ಮಂಚದ ಮೇಲೆ ಕೂತು ಕಾರ್ಡು ಬರೆದ ಅಣ್ಣಾಸಾಹೇಬರಿಗೆ ಇದೆಲ್ಲ ಹೊಳೆಯಲಿಲ್ಲ.

೨

ಅಣ್ಣಾಸಾಹೇಬರು ಜಮಖಂಡಿಯ ಜಮೀನುದಾರರು. ವಯಸ್ಸು ಅರವತ್ತರ ಮೇಲೆ. ಹರೆಯದಲ್ಲಿ ಸಂಸ್ಥಾನದ ಟೀಮಿನಲ್ಲಿ ಆಡಿದವರು. ಸಂಸ್ಥಾನ ಹೋಯಿತು, ಪಿಚ್ಚಿಗೆ ಹಾಸುವ ಕಾಥಿಯ ನಾರಿನ ಮ್ಯಾಟು ಉಳಿಯಿತು. ಆ ಮ್ಯಾಟನ್ನು ಗುಡ್ಡದ ಕೆಳಗಿನ ಮೈದಾನದಲ್ಲಿ ಹಾಸಿ, ಪ್ರತಿ ವರ್ಷ ಜನವರಿ ಇಪ್ಪತ್ತಾರಕ್ಕೆ ಜಮಖಂಡಿಗೂ ಮುಧೋಳಕ್ಕೂ ಮ್ಯಾಚು ಆಡಿಸುತ್ತಿದ್ದರು.

ಒಂದು ದಿನ ಮೈದಾನದ ಅಂಚಿನಲ್ಲಿ ಮೇಯುತ್ತಿದ್ದ ಕುರಿಗಳ ನಡುವೆ ಚೆಂಡು ಬಂದು ಬಿತ್ತು. ಕುರಿ ಕಾಯುವವನು ಅದನ್ನು ಹೆಕ್ಕಿ ಒಗೆದ. ಅಷ್ಟು ದೂರದಿಂದ ಬಂದ ಚೆಂಡು ವಿಕೆಟ್‌ಕೀಪರನ ಮುಂದೆ ಒಂದೇ ಪುಟ ಎದ್ದು ಅವನ ಕೈಗವಸಿಗೆ ಸೇರಿತು. ಅಣ್ಣಾಸಾಹೇಬರು ಧೋತರ ಎತ್ತಿ ಹಿಡಿದು ಕುರಿಗಳ ನಡುವೆ ನಡೆದುಬಂದರು.

"ಏ ತಮ್ಮಾ, ಇನ್ನೊಮ್ಮೆ ಒಗಿ."

ಹೀಗೆ ಧರೆಪ್ಪ ಬೌಲರನಾದ. ಮೊಳಕೈ ಮಡಚಿ ಒಗೆಯುವ ಅವನ ಕೈಗೆ ಬಿದಿರಿನ ದಬ್ಬೆ ಕಟ್ಟಿ, ಆರು ತಿಂಗಳು ನೆಟ್ಟಗೆ ತಿರುಗಿಸಲು ಕಲಿಸಿದರು. ವೇಗ ಬಂತು, ಗುರಿ ಬಂತು. ಒಂದೇ ಒಂದು ದೋಷ ಹೋಗಲಿಲ್ಲ. ಧರೆಪ್ಪ ಚೆಂಡನ್ನು ತಡವಾಗಿ ಬಿಡುತ್ತಿದ್ದ. ಕೈ ತಲೆಯ ಮೇಲೆ ಬಂದು, ಮುಂದಕ್ಕೆ ದಾಟಿ, ಇಳಿಯಲು ಶುರುವಾದಮೇಲೆ ಬಿಡುತ್ತಿದ್ದ. ಚೆಂಡು ಅರ್ಧ ದಾರಿಯಲ್ಲೇ ಬಿದ್ದು, ಬ್ಯಾಟ್ಸ್‌ಮನ್ನನ ಎದೆಮಟ್ಟಕ್ಕೆ ಸಲೀಸಾಗಿ ಏಳುತ್ತಿತ್ತು.

೧೯೫೫ರ ಮ್ಯಾಚಿನಲ್ಲಿ ಮುಧೋಳದ ಮಲಕಾಜಪ್ಪ ಎಂಬ ಬೆಲ್ಲದ ವ್ಯಾಪಾರಿ ಇದನ್ನು ಕಂಡುಹಿಡಿದ. ಒಂದು ಹೆಜ್ಜೆ ಹಿಂದೆ ಸರಿದು ನಿಂತು, ಬಂದದ್ದನ್ನೆಲ್ಲ ಬೌಂಡರಿಯಾಚೆಯ ಬೇವಿನ ಮರಕ್ಕೆ ಕಳಿಸಿದ. ಜಮಖಂಡಿ ಸೋತಿತು. ಅಣ್ಣಾಸಾಹೇಬರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದವರು ಒಂದು ಮಾತೂ ಆಡದೆ ಎದ್ದು ಹೋದರು. ಸಿಟ್ಟು ಎಂದು ಧರೆಪ್ಪ ತಿಳಿದ. ಗಂಟಲಲ್ಲಿ ಗಂಟು ಎದ್ದು ಅವರಿಗೆ ಮಾತೇ ಹೊರಡುತ್ತಿರಲಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಅವರು ಮಿರಜಿಗೆ ಹೋದರು. ವಾರಕ್ಕೆ ಕಾರ್ಡು ಬಂತು.

೨ (ಮತ್ತೆ)

ಇಲ್ಲಿ ಒಬ್ಬರು ತಕರಾರು ಎತ್ತಿದ್ದಾರೆ. ಧರೆಪ್ಪನ ಹೆಂಡತಿ ತಂಗೆವ್ವ.

"ಒಂದ ವರ್ಷ ಗೂಡಿನಾಗ ಕಾಗದ ಇಟ್ಟಿದ್ದ ಅಂತ ಬರದೀರಿ. ನಾ ಏನು ಕುರುಡಿ ಅದೀನೇನ್ರಿ? ಆ ಗೂಡು ದಿನಾ ವರಸಾಕಿ ನಾ."

"ಮತ್ತೆ ನೀವು ಕೇಳಲಿಲ್ಲವೇ?"

"ಕೇಳ್ದೆ. ಸರಕಾರದ ಕಾಗದ ಐತಿ, ಮುಟ್ಟಬ್ಯಾಡ ಅಂದ್ರು. ಅದನ್ನೂ ಬರೀರಿ. ಇಲ್ಲಂದ್ರ ಓದಿದವ್ರು ನನ್ನ ನೋಡಿ ನಗತಾರ."

ಬರೆದಿದ್ದೇನೆ. ಓದಲು ಬಾರದ ತಂಗೆವ್ವ ಅದು ಮುಂಬಯಿ ಸರಕಾರದ ಕಾಗದವೆಂದೇ ನಂಬಿ, ವಾರಕ್ಕೊಮ್ಮೆ ದೇವರಿಗೆ ಭಂಡಾರ ಹಚ್ಚುವಾಗ ಅದಕ್ಕೂ ಒಂದು ಚಿಟಿಕೆ ಹಚ್ಚುತ್ತಿದ್ದಳು. ವರ್ಷ ತುಂಬುವಷ್ಟರಲ್ಲಿ ಕಾರ್ಡು ಅರಿಶಿಣಕ್ಕೆ ಅದ್ದಿದಂತಾಗಿತ್ತು.

"ಇನ್ನೂ ಒಂದೈತಿ. ನಾ ಕವಣಿ ಬೀಸೂದು ಯಾಕ ಬಂದಿಲ್ಲ?"

"ಮುಂದೆ ಬರುತ್ತದೆ, ತಂಗೆವ್ವ."

"ಮುಂದ ಅಂದ್ರ ಯಾವಾಗ? ಹಕ್ಕಿ ತೆನಿ ತಿಂದು ಹೋದಮ್ಯಾಲೇನು?"

೪

(ಮೂರನೆಯದು ಇಲ್ಲ. ಅದರಲ್ಲಿ ಧರೆಪ್ಪನ ದುಃಖವನ್ನು ವಿಸ್ತಾರವಾಗಿ ವರ್ಣಿಸಿದ್ದೆ. ಅವನೇ ಬಂದು, "ಇಷ್ಟ್ಯಾಕ ಅಳಿಸ್ತೀರಿ? ನಾ ಅತ್ತಿಲ್ಲ" ಎಂದ.)

ಅಳಲಿಲ್ಲ, ನಿಜ. ಕುರಿಗಳನ್ನು ಜಮಖಂಡಿಯ ಕಡೆ ಹೊಡೆದುಕೊಂಡು ಹೋಗುವಾಗ ಮೈದಾನ ಕಣ್ಣಿಗೆ ಬೀಳದಂತೆ ಗುಡ್ಡದ ಆಚೆ ಮಗ್ಗಲಿಂದ ಸುತ್ತು ಹಾಕುತ್ತಿದ್ದ, ಅಷ್ಟೇ. ಎರಡು ಮೈಲಿ ಹೆಚ್ಚು. ಕುರಿಗಳು ಬೇಸರಪಟ್ಟುಕೊಳ್ಳಲಿಲ್ಲ. ಸಂತೆಯಲ್ಲಿ ಯಾರೋ, "ಅಣ್ಣಾಸಾಹೇಬ್ರು ಮಿರಜಿಂದ ಬಂದಾರ, ದನಿ ಪೂರಾ ಹೋಗೇತಿ" ಎಂದಾಗ ಅಲ್ಲೇ ನಿಂತುಬಿಟ್ಟ. ಹೋಗಿ ನೋಡಬೇಕು ಎಂದು ಜೀವ ಎಳೆಯಿತು. ಬಿಡು ಎಂದವರ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಅವನು ಬಿಟ್ಟದ್ದು ಆಟವನ್ನಷ್ಟೇ ಆಗಿದ್ದರೆ ಒಂದು ವಾರದಲ್ಲಿ ಮರೆಯುತ್ತಿದ್ದ. ತಂದೆ ಜಕ್ಕಪ್ಪ ಸತ್ತಮೇಲೆ ತಮ್ಮಾ ಎಂದು ಕರೆದ ಮನುಷ್ಯ ಅವರೊಬ್ಬರೇ ಆಗಿದ್ದರು.

೫

೧೯೫೬ರ ಜನವರಿ, ಸಂಕ್ರಾಂತಿ ಮುಗಿದಿತ್ತು. ಹೊಳೆದಂಡೆಯ ಹೊಲದಲ್ಲಿ ಜೋಳ ಹಾಲುಗಾಳು ಹಿಡಿದಿತ್ತು. ತಂಗೆವ್ವ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸುತ್ತಿದ್ದಳು. (ಬಂತು ನೋಡಿ, ತಂಗೆವ್ವ. "ಆತು, ಮುಂದ ಹೇಳ್ರಿ.") ಗೂಡಿಗೆ ಇರುವೆ ಹತ್ತಿದ್ದರಿಂದ ಬೆಳಿಗ್ಗೆ ಕಾರ್ಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಧರೆಪ್ಪ ಬುತ್ತಿ ಉಣ್ಣಲು ಅಟ್ಟದ ಬುಡಕ್ಕೆ ಬಂದಾಗ ಅದನ್ನು ಕೆಳಗೆ ಚಾಚಿದಳು.

"ಸರಕಾರ ಏನಂತೈತಿ ಓದ್ರಿ. ವರ್ಷ ಆತು ಪೂಜಿ ಮಾಡಾಕತ್ತು."

ಧರೆಪ್ಪ ತಪ್ಪಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಕಡೆಗೆ ರೊಟ್ಟಿ ಕೆಳಗಿಟ್ಟು, ನೆಲ ನೋಡುತ್ತ ಓದಿದ. ಓದಿ ಮುಗಿಸಿ, "ನನ್ನ ಆಟಾ ಬಿಡ್ಸಿದ್ರು" ಎಂದ.

ತಂಗೆವ್ವ ಹಕ್ಕಿ ಓಡಿಸುವುದನ್ನು ಬಿಟ್ಟು ಕೆಳಗೆ ಬಾಗಿ ನೋಡಿದಳು. ಆಮೇಲೆ ನಕ್ಕಳು. ಅಟ್ಟ ಅಲುಗಾಡುವಷ್ಟು ನಕ್ಕಳು.

"ಇನ್ನೊಮ್ಮೆ ಓದ್ರಿ, ಅದೊಂದ ಮಾತು."

"ಚೆಂಡ ಲಗೂನ ಬಿಡು. ತಡಾ ಮಾಡಬ್ಯಾಡ."

"ಹೌದಲ್ಲ ಮತ್ತ! ನಮ್ಮವ್ವ ಹೊಳೆವ್ವ ನನಗ ಕವಣಿ ಕಲಸೂವಾಗ ಇದನ್ನ ದಿನಾ ನೂರು ಸಲ ಅಂತಿದ್ಲು. ಲಗೂನ ಬಿಡು, ತಡಾ ಮಾಡಬ್ಯಾಡ. ತಡಾ ಮಾಡಿದ್ರ ಕಲ್ಲು ಕಾಲಬುಡಕ ಬೀಳತೈತಿ. ಕವಣಿ ಬಿಟ್ಟು ಮನಿಗಿ ಹೋಗಂತ ಅಂದ್ಲೇನು?"

ಧರೆಪ್ಪನ ಕೈಯಲ್ಲಿ ಕಾರ್ಡು ಹಾಗೇ ಉಳಿಯಿತು. ಅದೇ ಅಕ್ಷರ, ಅದೇ ಮಸಿ. ಒಂದು ವರ್ಷ ಅವನು ಅದನ್ನು ಕಣ್ಣಿನಿಂದ ಓದಿದ್ದ. ತಂಗೆವ್ವ ಒಂದೇ ಸಲ ಕಿವಿಯಿಂದ ಕೇಳಿದ್ದಳು.

(ಇಲ್ಲಿಗೆ ಕತೆ ಮುಗಿಸಬಹುದಿತ್ತು. ಆರನೆಯ ಡ್ರಾಫ್ಟು ಇಲ್ಲಿಗೇ ಮುಗಿದಿತ್ತು. ಆದರೆ ಧರೆಪ್ಪ ಯಾಕೆ ತಡವಾಗಿ ಬಿಡುತ್ತಾನೆ ಎಂಬುದು ನನಗೂ ಗೊತ್ತಿರಲಿಲ್ಲ. ಅದನ್ನೂ ಕಂಡುಹಿಡಿದವಳು ತಂಗೆವ್ವನೇ.)

ಅಟ್ಟದಿಂದ ಇಳಿದು ಅವನ ಕೈಗೆ ಒಂದು ಕಲ್ಲು ಕೊಟ್ಟಳು. ಹೊಲದ ಬದುವಿನಲ್ಲಿದ್ದ ಜಾಲಿ ಗಿಡ ತೋರಿಸಿದಳು. "ಬೊಡ್ಡಿಗಿ ಬಡೀರಿ." ಧರೆಪ್ಪ ಒಗೆದ. ಕಲ್ಲು ಗಿಡಕ್ಕೆ ಎರಡು ಮೊಳ ಈಚೆ ಬಿತ್ತು. ಇನ್ನೊಂದು ಒಗೆದ. ಅದೇ ಜಾಗ. ಮೂರನೆಯದು, ಅದೇ ಜಾಗ.

"ಗುರಿ ಏನೋ ಚುಲೋನ ಐತಿ," ಎಂದಳು ತಂಗೆವ್ವ. "ಆದ್ರ ನಿಮ್ಮ ಗುರಿ ಗಿಡಾ ಅಲ್ಲ. ಗಿಡದ ಮುಂದಿನ ನೆಲ."

ಧರೆಪ್ಪ ಹೋಗಿ ಆ ಮೂರು ಕಲ್ಲುಗಳನ್ನು ಹೆಕ್ಕಿಕೊಂಡು ಬಂದ. ನಂತರ ಮೆಲ್ಲಗೆ ಹೇಳಿದ, "ಅಪ್ಪ ಹಂಗ ಕಲಿಸಿದ್ದು. ಕಲ್ಲು ಕುರಿ ಮುಂದ ಬೀಳಬೇಕು. ಕುರಿ ಬೆದರಿ ತಿರಗಬೇಕು. ಬಡೀಬಾರ್ದು. ಒಂದ ಸಲ ಒಂದು ಕುರಿಗಿ ಬಡದು ಕಾಲು ಮುರೀತು. ಅವತ್ತು ಅಪ್ಪ ಉಣ್ಣಲಿಲ್ಲ."

"ಅಲ್ಲಿ ಮ್ಯಾಟಿನ ಮ್ಯಾಲ ಕುರಿ ಎಲ್ಲಿ ಅದಾವ್ರಿ?"

ಅವನು ನಗಲಿಲ್ಲ. ಯಾರಿಗೂ ಬಡಿಯಬಾರದು ಎಂದು ಇಪ್ಪತ್ತು ವರ್ಷ ಕಲಿತ ಕೈ ಅದು. ಬ್ಯಾಟು ಹಿಡಿದು ನಿಂತ ಮಲಕಾಜಪ್ಪನನ್ನು ಕಂಡರೂ ಅದು ಅವನ ಮುಂದಿನ ನೆಲವನ್ನೇ ಹುಡುಕುತ್ತಿತ್ತು.

೬

ಮರುದಿನ ಧರೆಪ್ಪ ಜಮಖಂಡಿಗೆ ಹೋದ. ಈ ಸಲ ಸುತ್ತು ಹಾಕಲಿಲ್ಲ.

ಅಣ್ಣಾಸಾಹೇಬರು ಪಡಸಾಲೆಯಲ್ಲಿ ಕೂತಿದ್ದರು. ಅರ್ಧ ಆಳಾಗಿದ್ದರು. ಕುತ್ತಿಗೆಗೆ ಅದೇ ಮಫ್ಲರ್, ತೊಡೆಯ ಮೇಲೆ ಒಂದು ಪಾಟಿ, ಬಳಪ. ಧರೆಪ್ಪ ಕಾಲಿಗೆ ಬಿದ್ದು ಎದ್ದು ಕಂಬಕ್ಕೆ ಆತು ನಿಂತ. ಅವರು ಪಾಟಿಯ ಮೇಲೆ ಬರೆದು ತಿರುಗಿಸಿ ಹಿಡಿದರು.

"ಯಾಕ ಬರಲಿಲ್ಲ?"

ಧರೆಪ್ಪ ಅಂಗಿಯ ಕಿಸೆಯಿಂದ ಹಳದಿ ಕಾರ್ಡು ತೆಗೆದು ಅವರ ಕೈಗಿಟ್ಟ. "ನೀವ ಬಿಡು ಅಂದಿದ್ರಿ," ಎಂದ.

ಅವರು ಕಾರ್ಡು ಓದಿದರು. ತಮ್ಮದೇ ಅಕ್ಷರವನ್ನು ಬೇರೆ ಯಾರದೋ ಎಂಬಂತೆ ಓದಿದರು. ಅವರಿಗೆ ಅರ್ಥವಾದದ್ದು ಮುಖದಲ್ಲಿ ಕಂಡಿತು. ಸೆರಗಿನ ಮರೆಯಿಂದ ನೋಡುತ್ತಿದ್ದ ಸೊಸೆ ಮಾದೇವಿಗೆ, ಮಾವ ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. ಸದ್ದಿಲ್ಲದೆ ಮೈ ಅಲುಗುತ್ತಿತ್ತು. ಪಾಟಿ ಒರೆಸಿ, ಒತ್ತಿ ಒತ್ತಿ ಬರೆದರು.

"ಚೆಂಡ ಬಿಡು ಅಂದೆ. ನನ್ನ ಬಿಡು ಅಂದೆನೇನು?"

(ಈ ವಾಕ್ಯಕ್ಕೆ ಒಂದು ಟಿಪ್ಪಣಿ ಬರೆಯಬೇಕೆಂದಿದ್ದೆ. ಆ ವರ್ಷ ನವೆಂಬರಿನಲ್ಲಿ ಮುಂಬಯಿ ನಮ್ಮ ಜಿಲ್ಲೆಯನ್ನೂ ಬಿಟ್ಟಿತು, ನಾವು ಮೈಸೂರು ರಾಜ್ಯಕ್ಕೆ ಹೋದೆವು ಎಂದೆಲ್ಲ. ಬೇಡ. ಪಾಟಿಯಲ್ಲಿ ಜಾಗವಿಲ್ಲ.)

೭

ಮ್ಯಾಚಿಗೆ ಎಂಟು ದಿನ ಇತ್ತು. ಮಾತಿಲ್ಲದ ಮನುಷ್ಯ ಓಡಿಬರುವ ಬೌಲರನಿಗೆ ಪಾಟಿ ತೋರಿಸಿ ಕಲಿಸುವುದು ಆಗದ ಕೆಲಸ. ಅಣ್ಣಾಸಾಹೇಬರು ಒಂದು ಉಪಾಯ ಮಾಡಿದರು. ಮೈದಾನದಲ್ಲಿ ಕಬ್ಬಿಣದ ಮಡಚು ಕುರ್ಚಿ ಹಾಕಿಸಿಕೊಂಡು ಕೂತರು. ಕೈಯಲ್ಲಿ ಬೆತ್ತ. ಧರೆಪ್ಪನ ಕೈ ಎಲ್ಲಿ ಚೆಂಡು ಬಿಡಬೇಕೋ ಆ ಗಳಿಗೆಗೆ ಕುರ್ಚಿಯ ಕಾಲಿಗೆ ಹೊಡೆಯುತ್ತಿದ್ದರು. ಟಕ್.

ಮೊದಲ ದಿನ ಟಕ್ ಕೇಳಿಸಿ, ಸಾಕಷ್ಟು ಹೊತ್ತಾದ ಮೇಲೆ ಚೆಂಡು ಕೈಬಿಟ್ಟಿತು. ನಾಲ್ಕನೆಯ ದಿನಕ್ಕೆ ನಡುವಿನ ಅಂತರ ಕಡಿಮೆಯಾಯಿತು. ಏಳನೆಯ ದಿನ ಎಷ್ಟೋ ಚೆಂಡುಗಳು ಇನ್ನೇನು ಟಕ್ಕಿನ ಜೊತೆಗೇ ಹೊರಟವು ಎನ್ನುವಂತಿದ್ದವು. ಆದರೆ ಜೊತೆಗಲ್ಲ. ಟಕ್ ಮೊದಲು, ಕೈ ಆಮೇಲೆ.

"ಕೇಳಿಸಿಕೊಂಡು ಬಿಡಾಕತ್ತೀನ್ರಿ," ಎಂದು ಧರೆಪ್ಪ ಅವರ ಬಳಿ ಬಂದು ಕೂತ. "ಕೇಳಿದ ಮ್ಯಾಲ ಬಿಟ್ರ ತಡಾನ ಆಗತೈತಿ."

ಅಣ್ಣಾಸಾಹೇಬರು ತಲೆಯಾಡಿಸಿದರು. ಅವರಿಗೆ ಅದು ಮೊದಲ ದಿನವೇ ಗೊತ್ತಿತ್ತು. ಪಾಟಿಯ ಮೇಲೆ ಏನೋ ಬರೆಯಲು ಹೋಗಿ, ಬಿಟ್ಟು, ಅವನ ಬೆನ್ನ ಮೇಲೆ ಕೈಯಿಟ್ಟರು.

೮

ಮ್ಯಾಚು. ಕೊನೆಯ ಓವರು, ಕೊನೆಯ ಚೆಂಡು, ಮುಧೋಳಕ್ಕೆ ಗೆಲ್ಲಲು ಎರಡೇ ರನ್ನು...

ಛೇ, ತೆಗೆಯಿರಿ. ಕೊನೆಯ ಚೆಂಡಿಗೆ ಗೆಲ್ಲುವ ಮ್ಯಾಚುಗಳನ್ನು ನನ್ನಂಥ ಆಲಸಿ ಲೇಖಕರು ಮಾತ್ರ ಆಡಿಸುತ್ತಾರೆ. ಬೆಳಿಗ್ಗೆ ಹತ್ತೂಕಾಲು. ಎರಡನೆಯ ಓವರು. ಯಾರೂ ಗೆಲ್ಲುವ ಹೊತ್ತೂ ಅಲ್ಲ, ಸೋಲುವ ಹೊತ್ತೂ ಅಲ್ಲ. ಬೇವಿನ ಮರದ ಕೆಳಗೆ ಜನ ಇನ್ನೂ ಕೂಡುತ್ತಿದ್ದಾರೆ. ಮಲಕಾಜಪ್ಪ ಎಂದಿನಂತೆ ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದಾನೆ. ಬೌಂಡರಿಯ ಪಕ್ಕ ಕಬ್ಬಿಣದ ಕುರ್ಚಿ. ಅದರಲ್ಲಿ ಅಣ್ಣಾಸಾಹೇಬರು. ಧರೆಪ್ಪ ಓಡಿ ಬಂದ. ಕೈ ಮೇಲೆದ್ದಿತು.

ಈಗ ಏನಾಗಬೇಕು?

ಅ) ಚೆಂಡು ಹಿಂದೆ ಸರಿದ ಮಲಕಾಜಪ್ಪನ ಬ್ಯಾಟಿನ ಕೆಳಗೆ ನುಸುಳಿ ನಡುವಿನ ಸ್ಟಂಪನ್ನು ಕಿತ್ತು ಹಾಕುತ್ತದೆ. ಜನ ಧರೆಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ("ಅದೆಲ್ಲ ಬ್ಯಾಡ್ರಿ," ಎಂದ ಧರೆಪ್ಪ. "ಕುಣಿಯಾಕ ಹೋಗಿ ಮುದುಕ್ರ ಕುರ್ಚಿ ಎಡವ್ಯಾರು.")

ಆ) ಚೆಂಡು ಮತ್ತೆ ನಡುದಾರಿಯಲ್ಲಿ ಬೀಳುತ್ತದೆ. ಸಿಕ್ಸರ್. ಬೆತ್ತ ಅಣ್ಣಾಸಾಹೇಬರ ಕೈಯಿಂದ ಜಾರುತ್ತದೆ. ನಿಜಕ್ಕೆ ಇದೇ ಹತ್ತಿರವಿರಬಹುದು. ಬರೆಯಲು ನನಗೆ ಮನಸ್ಸು ಬರಲಿಲ್ಲ.

ಇ) ಕುರ್ಚಿ ಖಾಲಿ. ಹಿಂದಿನ ದಿನವೇ ಅವರು ತೀರಿಕೊಂಡಿದ್ದಾರೆ. ಧರೆಪ್ಪನಿಗೆ ಇಲ್ಲದ ಟಕ್ ಕೇಳಿಸುತ್ತದೆ. ಇದನ್ನು ಬರೆದು ಎರಡು ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ತಂಗೆವ್ವ ಬಂದು, "ನಾಚಿಕಿ ಆಗೂದಿಲ್ಲೇನ್ರಿ? ಮೊದಲ ಅವ್ರನ್ನ ಕುಂದರಸ್ರಿ" ಎಂದು ಬೈದಳು. ಕೂರಿಸಿದೆ.

ಕೂರಿಸಿದಮೇಲೆ ನನಗೆ ಮುಂದೆ ಬರೆಯಲಾಗಲಿಲ್ಲ. ಸುಳ್ಳೇಕೆ ಹೇಳಲಿ, ಹನ್ನೊಂದು ವರ್ಷ ಈ ಕತೆ ನಿಂತದ್ದು ಆರಂಭ ಸಿಗದೆ ಅಲ್ಲ. ಧರೆಪ್ಪನ ಕೈಯಲ್ಲಿ ಚೆಂಡು ಇರುವತನಕ ಅದು ಜನವರಿ ಇಪ್ಪತ್ತಾರರ ಬೆಳಿಗ್ಗೆಯೇ. ಅಣ್ಣಾಸಾಹೇಬರು ಬಿಸಿಲು ಕಾಯುತ್ತ ಕೂತೇ ಇರುತ್ತಾರೆ. ಚೆಂಡು ಬಿಟ್ಟರೆ ಮಧ್ಯಾಹ್ನವಾಗುತ್ತದೆ, ಫೆಬ್ರವರಿ ಬರುತ್ತದೆ, ಮಫ್ಲರ್ ಕೆಳಗಿನ ಗಂಟು ಮತ್ತೆ ಎದ್ದಿದೆಯೋ ಇಲ್ಲವೋ ನಾನು ಹೇಳಬೇಕಾಗುತ್ತದೆ. ನನಗೆ ಅವರ ಮೇಲೆ ಪ್ರೀತಿ ಬಂದುಬಿಟ್ಟಿದೆ.

"ಸಾಹೇಬ್ರ," ಎಂದ ಧರೆಪ್ಪ ನನಗೆ, ಎತ್ತಿದ ಕೈ ಇಳಿಸದೆ. "ರಟ್ಟಿ ಬ್ಯಾನಿ ಆಗಾಕತ್ತೇತ್ರಿ. ಹನ್ನೊಂದ ವರ್ಷ ಆತು ಹಿಂಗ ನಿಂತು."

"ಬಿಟ್ಟರೆ ಮುಂದೇನಾಗುತ್ತದೋ, ಧರೆಪ್ಪ."

"ನೀವು ಕುರಿ ಮುಂದ ಕಲ್ಲು ಒಗದಂಗ ಬರೀತೀರಿ ನೋಡ್ರಿ. ಯಾರಿಗೂ ಬಡೀಬಾರ್ದು ಅಂತ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನನಗೂ ಅದ ರೋಗ ಇತ್ತು. ಬಿಡ್ರಿ ಲಗೂನ."

ಬಿಟ್ಟೆ.

ಚೆಂಡು ಧರೆಪ್ಪನ ಬೆರಳು ದಾಟಿ ಹೊರಟಿತು. ಅದು ಹೊರಟ ಮೇಲೆ, ಹೌದು, ಹೊರಟ ಮೇಲೆ, ಬೌಂಡರಿಯ ಕಡೆಯಿಂದ ಟಕ್ ಎಂದಿತು. ಎಂಟು ದಿನದಲ್ಲಿ ಮೊದಲ ಸಲ ಬೆತ್ತವೇ ತಡವಾಗಿತ್ತು.

ವಿಕೆಟ್ಟು ಬಿತ್ತೋ ಇಲ್ಲವೋ ನೀವು ಕೇಳುತ್ತೀರಿ. ಮೈದಾನದಲ್ಲಿ ಎಲ್ಲರೂ ಅತ್ತಲೇ ನೋಡುತ್ತಿದ್ದರು, ಅವರಲ್ಲಿ ಯಾರನ್ನಾದರೂ ಕೇಳಿ. ನಾನು ಅಣ್ಣಾಸಾಹೇಬರನ್ನು ನೋಡುತ್ತಿದ್ದೆ.